ಪಟ್ಟದ ಎತ್ತಿನ ಬಾಯಿ

ಕಿಲಾರಿಯ ಫೋನು ಬಂದಾಗ ನಾನು ಪಶು ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಒಂದು ಎಮ್ಮೆಯ ಬಾತ ಕೆಚ್ಚಲನ್ನು ಹಿಂಡುತ್ತಾ ಕೂತಿದ್ದೆ. ಫೋನನ್ನು ಎಮ್ಮೆಯ ಒಡೆಯನೇ ನನ್ನ ಕಿವಿಗೆ ಹಿಡಿದ.

"ಸಾರ್, ಪಟ್ಟದೆತ್ತು ನಿನ್ನೆಯಿಂದ ಮೇವು ಮುಟ್ಟಿಲ್ಲ, ನೀರೂ ಕುಡಿದಿಲ್ಲ. ಗಂಟ್ಲಾಗೆ ಏನೋ ಸಿಕ್ಕಂಡೈತೆ. ನಾನೇ ಮೊಣಕೈವರೆಗೂ ಕೈ ಹಾಕಿ ತಡಕಾಡಿದೆ, ಏನೂ ಸಿಗ್ಲಿಲ್ಲ. ನಾಳೆ ಬೆಳಿಗ್ಗೆ ಬರ್ತೀರಾ?"

ಬರ್ತೀನಿ ಎಂದೆ. ಅದು ಮಾವಿನ ಕಾಲ. ದನಗಳ ಗಂಟಲಲ್ಲಿ ಓಟೆ ಸಿಕ್ಕಿಕೊಳ್ಳುವುದು ನಮಗೆ ಹೊಸದೇನಲ್ಲ.

ಹೊರಗಿನವರಿಗಾಗಿ ಇಲ್ಲೊಂದು ಮಾತು ಹೇಳಬೇಕು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ದೇವರ ಎತ್ತುಗಳ ಹಿಂಡುಗಳಿವೆ, ಹಸು ಕರು ಸಮೇತ. ಅವನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಸತ್ತರೆ ಮನುಷ್ಯರನ್ನು ಮಾಡುವಂತೆಯೇ ಮಣ್ಣು ಮಾಡುತ್ತಾರೆ. ಹಿಂಡು ತಂಗುವ ಮುಳ್ಳುಬೇಲಿಯ ಆವರಣಕ್ಕೆ ರೊಪ್ಪ ಎನ್ನುತ್ತಾರೆ, ಕಾಯುವವನಿಗೆ ಕಿಲಾರಿ. ರೊಪ್ಪದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಕಿಲಾರಿಯಂತೂ ಹೊರಗೂ ಮೆಟ್ಟುವುದಿಲ್ಲ. ಹಿಂಡಿಗೆ ಮುಂದಾಳಾದ ಎತ್ತು ಪಟ್ಟದ ಎತ್ತು. ಪೂಜೆ ಮೊದಲು ಅದಕ್ಕೆ, ಉಳಿದವಕ್ಕೆ ಆಮೇಲೆ. ನಾನು ಹುಟ್ಟಿದ್ದು ಇದೇ ಸೀಮೆಯಲ್ಲಿ, ನನ್ನಿವಾಳದಿಂದ ಒಂದು ಕೂಗಳತೆ ದೂರದಲ್ಲಿ. ಚಿಕ್ಕವನಿದ್ದಾಗ ಜ್ವರ ಬಂದರೆ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಇಂಥದೇ ಒಂದು ರೊಪ್ಪಕ್ಕೆ ಹೋಗಿ, ಎತ್ತಿನ ಗೊರಸಿನಡಿಯ ಧೂಳು ತೆಗೆದು ಹಣೆಗೆ ಹಚ್ಚುತ್ತಿದ್ದಳು. ಈಗ ಅದೇ ಸೀಮೆಗೆ ನಾನು ದನದ ಡಾಕ್ಟರು.

ಬೆಳಿಗ್ಗೆ ನಾನೂ ನಮ್ಮ ಆಸ್ಪತ್ರೆಯ ಜಾನುವಾರು ಇನ್ಸ್‌ಪೆಕ್ಟರೂ ಬೈಕಿನಲ್ಲಿ ಹೊರಟೆವು. ಬಾಯಿ ಅಗಲಿಸುವ ಕಬ್ಬಿಣದ ಗ್ಯಾಗು, ರಬ್ಬರ್ ಕೊಳವೆ, ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ಎಲ್ಲ ಚೀಲದಲ್ಲಿದ್ದವು. ರೊಪ್ಪ ಹತ್ತಿರವಾಗುತ್ತಿದ್ದಂತೆ ದಾರಿಯ ಪಕ್ಕದಲ್ಲಿ ಟೆಂಪೋಗಳು, ಬೈಕುಗಳು ಸಾಲಾಗಿ ನಿಂತಿದ್ದು ಕಂಡಿತು. ಹೆಂಗಸರು ತಟ್ಟೆಯಲ್ಲಿ ಕಾಯಿ, ಬೆಲ್ಲ ಹಿಡಿದು ನಡೆದಿದ್ದರು.

"ಇವತ್ತೇನ್ ಹಬ್ಬಾನಾ ಸಾರ್?" ಎಂದ ಇನ್ಸ್‌ಪೆಕ್ಟರು.

ಕಿಲಾರಿ ಬೇಲಿಯ ಬಾಯಿಗೇ ಬಂದು ನಿಂತಿದ್ದ. ಐವತ್ತು ದಾಟಿದ ಮನುಷ್ಯ, ಒಣಕಲು ಮೈ, ಹೆಗಲ ಮೇಲೆ ಕಂಬಳಿ. ನನ್ನ ಚೀಲವನ್ನೊಮ್ಮೆ ನೋಡಿ ಕೈ ಮುಗಿದ.

"ಈಗ ಬ್ಯಾಡ ಸಾರ್. ಅದು ಗಂಟ್ಲಲ್ಲ. ಸ್ವಾಮಿ ಮೈದುಂಬೈತೆ. ನಂಗೇ ನಿನ್ನೆ ಗೊತ್ತಾಗಲಿಲ್ಲ."

ಮೈದುಂಬುವುದು ಎಂದರೆ ದೇವರು ಮೈಮೇಲೆ ಬರುವುದು. ಮನುಷ್ಯರ ಮೈಮೇಲೆ ಬಂದದ್ದನ್ನು ನೂರು ಸಲ ನೋಡಿದ್ದೇನೆ. ಬೂಟು ಬಿಚ್ಚಿ ಒಳಗೆ ಹೋದೆ.

ಪಟ್ಟದ ಎತ್ತು ರೊಪ್ಪದ ನಡುವಿನ ಕಲ್ಲುಗಂಬದ ಬಳಿ ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಬಿಳಿ ಮೈ, ಬೆನ್ನ ಮೇಲೆ ಎತ್ತರದ ಇಣಿ, ಹಿಂದಕ್ಕೆ ಬಾಗಿದ ಕೊಂಬು. ಯಾವುದೇ ಪ್ರಾಣಿಯನ್ನು ಮುಟ್ಟುವ ಮೊದಲು ದೂರದಲ್ಲಿ ಸುಮ್ಮನೆ ನಿಂತು ನೋಡಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಿಂತು ನೋಡಿದೆ. ಕೆಳದವಡೆ ಜೋತುಬಿದ್ದಿತ್ತು. ಬಾಯಿಯಿಂದ ಜೊಲ್ಲು ಎಳೆ ಎಳೆಯಾಗಿ ನೆಲ ಮುಟ್ಟುತ್ತಿತ್ತು. ಕಣ್ಣು ಮಿಟುಕಿಸದೆ ಒಂದೇ ಕಡೆ ನೆಟ್ಟಿತ್ತು. ಬಾಲ ಒಂದು ಪಕ್ಕಕ್ಕೆ ಎದ್ದು, ಸಗಣಿಗೆ ತಿಣುಕುವಂತೆ ಮೈಯನ್ನು ಬಿಗಿಹಿಡಿಯುತ್ತಿತ್ತು, ಏನೂ ಬೀಳುತ್ತಿರಲಿಲ್ಲ. ಎಡ ಹಿಂಗಾಲಿನ ಗೊರಸು ಆಗಾಗ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಆಮೇಲೆ ಅದು ಕೂಗಿತು. ಒಡಕು ದನಿ, ಉದ್ದನೆಯ ಕೂಗು, ಕೊನೆಯಲ್ಲಿ ಉಸಿರು ಕತ್ತರಿಸಿದಂತೆ ನಿಂತುಹೋಗುವ ಕೂಗು. ಒಮ್ಮೆ ಕೇಳಿದ ದನದ ಡಾಕ್ಟರು ಅದನ್ನು ಮರೆಯುವುದಿಲ್ಲ.

ಅದೇ ಕೂಗಿಗೆ ಸುತ್ತಲಿನ ಜನ "ಉಘೇ ಉಘೇ" ಎಂದರು. ಈ ದೇವರ ಒಕ್ಕಲಿನ, ಅಂದರೆ ಗುಡಿಕಟ್ಟಿನ ಯಜಮಾನರು, ಬಿಳಿ ರುಮಾಲಿನ ಹಿರಿಯರೊಬ್ಬರು, ಎತ್ತಿನ ಮುಂದೆ ನಿಂತು ಕೇಳುತ್ತಿದ್ದರು: "ಸ್ವಾಮಿ, ಮೇಯೋ ಕಾವಲು ನಮ್ಗೆ ಉಳೀತೈತಾ? ಉಳ್ಳಾರ್ತಿ ಕಾವಲಿಗೆ ಗ್ವಾಡೆ ಬಂದಾತು. ಇನ್ನು ನಿನ್ನ ಮಕ್ಳು ಎಲ್ಲಿ ಮೇಯಬೇಕು, ಬಾಯಿ ಬಿಟ್ಟು ಹೇಳು." ಎತ್ತು ಮತ್ತೆ ಕೂಗಿತು. ಒಬ್ಬ ಮುದುಕಿ ಮುಂದೆ ಹೋಗಿ ಅದರ ಜೊಲ್ಲನ್ನು ಅಂಗೈಗೆ ಹಿಡಿದು ತೀರ್ಥದ ಹಾಗೆ ಕಣ್ಣಿಗೊತ್ತಿಕೊಂಡಳು. ಅವಳ ಹಿಂದೆ ಸಾಲು ನಿಂತಿತ್ತು.

ನಾನು ತಾಳ್ಮೆಯ ಮನುಷ್ಯನಲ್ಲ. ಅಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಯೋಚಿಸುವಷ್ಟು ಹೊತ್ತೂ ಇರಲಿಲ್ಲ. "ಯಾರೂ ಮುಟ್ಟಬೇಡಿ, ಹಿಂದೆ ಸರೀರಿ. ಇದು ಹುಚ್ಚುನಾಯಿ ರೋಗ" ಎಂದು ಕೂಗಿಬಿಟ್ಟೆ.

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಡಾಕ್ಟ್ರೆ, ಹೊರಗೆ ಮಾತಾಡಾನ ಬರ್ರಿ."

ಬೇಲಿಯಾಚೆ ಒಂದು ಜಾಲಿಮರದ ಕೆಳಗೆ ನಿಂತೆವು. ಅವರಿಗೆ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನೀವು ನಮ್ಮ ಸೀಮೆಯವ್ರು. ನಿಮ್ಮವ್ವ ದೇವರೆತ್ತಿಗೆ ನಡ್ಕಂಡೋರು. ಆ ಮಾತು ಒಳಗೆ ಆಡಬಾರದಾಗಿತ್ತು. ರೊಪ್ಪದ ಒಳಗೆ ಆಡಿದ ಮಾತು ಅಲ್ಲೇ ಉಳೀತೈತೆ ಕಣ್ರಿ, ಅದನ್ನ ಯಾರೂ ಗುಡಿಸಿ ಹಾಕಕಾಗಲ್ಲ."

ನಾನು ರೋಗವನ್ನು ವಿವರಿಸಿದೆ. ಹುಚ್ಚುನಾಯಿಯೋ ನರಿಯೋ ಕಚ್ಚಿದರೆ ವಿಷ ನರದೊಳಗೆ ತಿಂಗಳುಗಟ್ಟಲೆ ನಡೆದು ಮಿದುಳು ಸೇರುತ್ತದೆ, ಆಮೇಲೆ ಜೊಲ್ಲಿನಲ್ಲಿ ಬರುತ್ತದೆ, ಗಂಟಲು ಸೋತು ನುಂಗಲಾಗುವುದಿಲ್ಲ, ಅದಕ್ಕೇ ಏನೋ ಸಿಕ್ಕಿಕೊಂಡ ಹಾಗೆ ಕಾಣುತ್ತದೆ, ಲಕ್ಷಣ ಕಂಡ ಮೇಲೆ ದನಕ್ಕೂ ಮದ್ದಿಲ್ಲ ಮನುಷ್ಯನಿಗೂ ಮದ್ದಿಲ್ಲ, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. "ದೇವ್ರು ಮೈದುಂಬಿದಾಗ ಮುಟ್ಟಬಾರದು ಅಂತ ನಮ್ಮಲ್ಲೂ ಐತೆ. ಜನ ಮರ್ತಾರೆ. ಅದನ್ನ ನಾನು ನೆಪ್ಪು ಮಾಡ್ತೀನಿ. ಸೂಜಿ ಹಾಕಿಸ್ಕಳ್ಳೋರು ಹಾಕಿಸ್ಕಳ್ಳಲಿ, ನಾನು ತಡೆಯಲ್ಲ. ಅದಕ್ಕಿಂತ ಹೆಚ್ಚಿಗೆ ನನ್ನ ಬಾಯಲ್ಲಿ ಕೇಳಬ್ಯಾಡ್ರಿ" ಎಂದರು.

ಅಷ್ಟು ಸಿಕ್ಕಿದ್ದೇ ದೊಡ್ಡದು. ದೂರದಿಂದ ಹಗ್ಗ ಎಸೆದು ಎತ್ತನ್ನು ಕಂಬಕ್ಕೆ ಎರಡು ಕಡೆಯಿಂದ ಬಿಗಿದೆವು. ಸುತ್ತಲೂ ಮುಳ್ಳಿನ ಇನ್ನೊಂದು ಬೇಲಿ ಹಾಕಿದೆವು. ಉಳಿದ ಹಿಂಡನ್ನು ಕಿಲಾರಿಯ ತಮ್ಮ ಗುಡ್ಡದ ಕಡೆ ಹೊಡೆದುಕೊಂಡು ಹೋದ. ನೀರಿನ ತೊಟ್ಟಿಯ ಬಳಿ ಸೋಪಿಟ್ಟು, ಜೊಲ್ಲು ಮುಟ್ಟಿದ ಒಬ್ಬೊಬ್ಬರ ಕೈಯನ್ನೂ ಹರಿಯುವ ನೀರಿನಲ್ಲಿ ತೊಳೆಸಿದೆವು. ಆ ದಿನವೇ ಎರಡು ಟೆಂಪೋ ಜನ ಚಳ್ಳಕೆರೆಗೆ ಹೋಗಿ ಮೊದಲ ಸೂಜಿ ಹಾಕಿಸಿಕೊಂಡರು. ಮುದುಕಿಯೂ ಹೋದಳು.

ಕಿಲಾರಿ ಕೈ ತೊಳೆಯಲು ಬಂದಾಗ ಅವನ ಬಲಗೈ ನೋಡಿದೆ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಎರಡು ಹಸಿ ಗೀರು. ಎತ್ತಿನ ದವಡೆಹಲ್ಲಿನ ಗೀರು.

"ಅಣ್ಣಾ, ನೀನು ಎಲ್ಲರಿಗಿಂತ ಮೊದ್ಲು ಹೋಗ್ಬೇಕು. ನಿಂಗೆ ಬರೀ ಸೂಜಿ ಸಾಲಲ್ಲ, ಗಾಯದ ಸುತ್ತಾನೂ ಒಂದು ಮದ್ದು ಚುಚ್ಚಬೇಕು."

ಅವನು ಕೈ ಹಿಂದಕ್ಕೆಳೆದುಕೊಂಡ. "ನಾನು ಬರಲ್ಲ ಸಾರ್."

"ಯಾಕೆ?"

"ಬ್ಯಾರೆಯವ್ರು ಹಾಕಿಸ್ಕಂಡ್ರೆ ಅವ್ರು ಹೆದ್ರಿಕಂಡ್ರು ಅಂತ ಅಷ್ಟೇ. ನಾನು ಹಾಕಿಸ್ಕಂಡ್ರೆ ಕಿಲಾರೀನೇ ದೇವ್ರಿಗೆ ಹುಚ್ಚು ಅಂದಂಗಾತು. ಆಮ್ಯಾಲೆ ಯಾವ ಮುಖ ಇಟ್ಕಂಡು ಬೇಲಿ ತೆಗೀಲಿ?"

ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಇನ್ಸ್‌ಪೆಕ್ಟರು ಕೊನೆಗೆ ಸಿಟ್ಟಾಗಿ, "ಲೇ, ನಾಯಿ ಹಂಗೆ ಕೂಗ್ಕಂಡು ಸಾಯ್ತೀಯ, ನೀರು ಕಂಡ್ರೆ ಹೆದರ್ತೀಯ, ಗೊತ್ತಾ?" ಎಂದುಬಿಟ್ಟ. ಕಿಲಾರಿ ಅವನನ್ನು ನೋಡಿ, "ಸ್ವಾಮಿ ಸಾಯೋ ಹಂಗೆ ನಾನೂ ಸತ್ರೆ ತಪ್ಪೇನೈತೆ?" ಎಂದ.

ಮರುದಿನದಿಂದ ನನ್ನ ಕೆಲಸ ಎರಡಾಯಿತು: ಎತ್ತನ್ನು ಬೇಲಿಯಾಚೆಯಿಂದ ನೋಡುವುದು, ಮುಟ್ಟಿ ಹೋದವರನ್ನು ಹುಡುಕುವುದು. ಹೆಚ್ಚಿನವರು ಸುತ್ತಲಿನ ಹಟ್ಟಿಯವರು, ಸಿಕ್ಕರು. ಒಬ್ಬಳು ಮಾತ್ರ ಮೊಳಕಾಲ್ಮೂರಿನ ಸೀರೆ ನೇಯುವ ಹೆಂಗಸು. ಮಗಳಿಗೆ ಹೆರಿಗೆ ಸುಸೂತ್ರವಾಯಿತೆಂದು ಹರಕೆ ತೀರಿಸಲು ಬಂದಿದ್ದವಳು ಎತ್ತಿನ ಬಾಯನ್ನು ಸೆರಗಿನಿಂದ ಒರೆಸಿ, ಆ ಸೆರಗನ್ನು ಕಣ್ಣಿಗೊತ್ತಿಕೊಂಡು ಬಸ್ಸು ಹತ್ತಿದ್ದಳು. ಕಣ್ಣಿನ ತೆಳುಪದರದ ಮೂಲಕವೂ ವಿಷ ಇಳಿಯುತ್ತದೆ. ಅವಳ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಮೊಳಕಾಲ್ಮೂರಿನ ಬೀದಿಗಳಲ್ಲಿ ಮನೆ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಒಂದೊಂದು ಬಾಗಿಲಲ್ಲೂ ನಿಂತು, "ಮೊನ್ನೆ ದೇವರೆತ್ತಿಗೆ ಹೋಗಿ ಬಂದೋರು ಇದೀರಾ?" ಎಂದು ಕೇಳುತ್ತಾ ಅರ್ಧ ದಿನ ಅಲೆದೆ. ಒಬ್ಬ ನೇಕಾರ ನನ್ನನ್ನು ಸೀರೆ ಕೊಳ್ಳಲು ಬಂದವನೆಂದು ತಿಳಿದು ನಾಲ್ಕು ಸೀರೆ ಬಿಚ್ಚಿ ಹರಡಿದ.

ಕೊನೆಗೆ ಸಿಕ್ಕಳು. ಗುಣಿಯಲ್ಲಿ ಕಾಲಿಳಿಬಿಟ್ಟುಕೊಂಡು ಮಗ್ಗದ ಮುಂದೆ ಕೂತಿದ್ದಳು. ಲಾಳಿ ನಿಲ್ಲಿಸಿ, "ಏಮಯ್ಯಿಂದಿ ಸಾರ್? ಏನಾಯ್ತು, ಇಷ್ಟು ದೂರ ಬಂದ್ರಿ?" ಎಂದಳು. ಆ ಹೊತ್ತಿಗೆ ನಾನು ಮಾತು ಕಲಿತಿದ್ದೆ. ಎತ್ತಿನ ಮೈಯಲ್ಲಿ ಒಂದು ಕಾಯಿಲೆಯೂ ಇರಬಹುದು, ಅದು ಕಣ್ಣಿಗೆ ತಗುಲಿದರೆ ಜೀವಕ್ಕೆ ಅಪಾಯ, ಸೂಜಿ ಹಾಕಿಸಿಕೊಳ್ಳಬೇಕು ಎಂದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದೇಬಿಟ್ಟಳು.

"ನಿಮಗೆ ಅದು ದೇವರಲ್ಲ ಅನ್ನಿಸ್ತಿಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ಕಿಲಾರಿಯ ಮಾತು ತಲೆ ಕೊರೆಯುತ್ತಿತ್ತು.

"ಅದ್ಯಾಕೆ ಸಾರ್? ದೇವ್ರು ಬಂದಿದ್ದೂ ನಿಜ, ಕಾಯಿಲೆ ಬಂದಿದ್ದೂ ನಿಜ. ನಮ್ಮತ್ತೆ ಮೈಮೇಲೆ ಅಮ್ಮ ಬರ್ತಿದ್ಲು, ಬೀಪೀನೂ ಇತ್ತು. ಮಾತ್ರೆ ನುಂಗಿ ಹೇಳಿಕೆ ಹೇಳೋರು."

ಹೀಗೆ ಹೇಳಿ ನಕ್ಕು, ಆ ನಗುವಿನಲ್ಲೇ ಆಸ್ಪತ್ರೆಗೆ ಬಂದಳು. ಇಷ್ಟು ಸಲೀಸಾಗಿ ಕಿಲಾರಿಗೂ ಹೇಳಬಹುದಲ್ಲವೇ ಎಂದು ಖುಷಿಯಿಂದ ಅಲ್ಲಿಂದ ನೇರ ರೊಪ್ಪಕ್ಕೆ ಹೋದೆ. ಅವಳ ಮಾತನ್ನು ಹಾಗೆಯೇ ಹೇಳಿದೆ.

ಕಿಲಾರಿ ತಲೆಯಾಡಿಸಿದ. "ಆಯಮ್ಮ ವರ್ಸಕ್ಕೊಂದ್ಸಲ ಬಂದು ಕೈ ಮುಗಿದು ಹೋಗ್ತಾಳೆ. ಆಯಮ್ಮಂಗೆ ಎರಡೂ ಕಾಣ್ತೈತೆ. ನಾನು ದಿನಾ ಬೆಳಿಗ್ಗೆ ಇದರ ಮುಖ ನೋಡಿ ಏಳೋನು. ನಂಗೆ ಒಂದೇ ಕಾಣೋದು."

ನಾನು ಅಷ್ಟು ವರ್ಷ ತಿಳಿದುಕೊಂಡಿದ್ದೇ ಬೇರೆ. ಎಲ್ಲರಿಗೂ ಮೊದಲು ಕಾಣುವುದು ದನವೇ, ಆಮೇಲೆ ನಂಬುವವರು ಅದಕ್ಕೆ ದೇವರು ಎಂಬುದನ್ನು ಅರಿಶಿನ ಕುಂಕುಮದ ಹಾಗೆ ಮೇಲಿನಿಂದ ಹಚ್ಚುತ್ತಾರೆ, ಬೇಕಾದರೆ ತೊಳೆದು ತೋರಿಸಬಹುದು ಎಂದುಕೊಂಡಿದ್ದೆ. ಕಿಲಾರಿಗೆ ಹಾಗಿರಲಿಲ್ಲ. ಅವನಿಗೆ ಕೊಂಬು, ಇಣಿ, ಕೂಗು ಎಲ್ಲ ಕಾಣುವಾಗಲೇ ದೇವರಾಗಿ ಕಾಣುತ್ತಿತ್ತು. ಹಚ್ಚಿದ್ದು ಯಾವುದು, ಮೈ ಯಾವುದು ಎಂದು ಬಿಡಿಸಲು ಅಲ್ಲಿ ಎರಡು ಇರಲೇ ಇಲ್ಲ. ನನಗೂ ಒಂದೇ ಕಾಣುತ್ತಿತ್ತು, ರೋಗ. ಬೇಲಿಯ ಪಕ್ಕದಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಒಂದೇ ಎತ್ತನ್ನು ನೋಡುತ್ತಿದ್ದೆವು, ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಮನೆಗೆ ಬಂದರೆ ಅವ್ವನ ಫೋನು. "ದೇವ್ರಿಗೇ ಹುಚ್ಚು ಅಂದ್ಯಂತಲ್ಲೋ. ನಿನ್ನ ಓದ್ಸಿದ್ದು ಇದಕ್ಕೇನಾ?"

"ಅವ್ವ, ಆ ಕಿಲಾರಿ ಸಾಯ್ತಾನೆ."

"ಹಂಗಾದ್ರೆ ಅವನ ಕಾಲಿಗಾದ್ರೂ ಬೀಳು ಹೋಗು" ಎಂದಳು.

ಬಿದ್ದೆ. ನಿಜವಾಗಿಯೂ ಬಿದ್ದೆ, ಮರುದಿನ. ಅವನು ಹೌಹಾರಿ ನನ್ನನ್ನು ಎಬ್ಬಿಸಿದನೇ ಹೊರತು ಜಗ್ಗಲಿಲ್ಲ. ಅಷ್ಟರಲ್ಲಿ ಎತ್ತಿನ ಹಿಂಗಾಲು ಎರಡೂ ಸೋತು ನೆಲ ಹಿಡಿದಿತ್ತು. ಕೂಗು ಈಗ ದನಿಯಿಲ್ಲದ ಬರೀ ಉಸಿರು. ನೊಣ ಕೂತರೂ ಇಡೀ ಮೈ ಅದುರುತ್ತಿತ್ತು. ಕಿಲಾರಿ ಒಳಬೇಲಿಯಾಚೆ ಕೂತು ಅದರೊಂದಿಗೆ ಮಾತಾಡುತ್ತಿದ್ದ: ಇವತ್ತು ಹಿಂಡು ಎಲ್ಲಿ ಮೇಯಿತು, ಯಾವ ಕರು ಹಾಲು ಬಿಟ್ಟಿತು. ಅವನ ಕೈಯ ಗೀರು ಒಣಗತೊಡಗಿತ್ತು. ಮೇಲಿನ ಗಾಯ ಮಾಯುತ್ತದೆ, ಒಳಗಿನದು ನಡೆಯುತ್ತಲೇ ಇರುತ್ತದೆ. ಆ ಕೈಯನ್ನು ನೋಡಿದಾಗಲೆಲ್ಲ ನನಗೆ ಅಳು ಬರುವಂತಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹಿಡಿದು ಕಟ್ಟಿ ಚುಚ್ಚಿಬಿಡೋಣ ಎಂದು ಇನ್ಸ್‌ಪೆಕ್ಟರಿಗೆ ಒಮ್ಮೆ ಹೇಳಿಯೂಬಿಟ್ಟೆ. "ಅವನು ದನ ಅಲ್ಲ ಸಾರ್" ಎಂದ.

ಒಂದು ಬೆಳಿಗ್ಗೆ ಎತ್ತು ಸತ್ತಿತು. ನಾನು ಹೋಗುವ ಹೊತ್ತಿಗೆ ಬೇವಿನ ಸೊಪ್ಪು, ಹೂವು, ಹೊಸ ಬಟ್ಟೆ ಎಲ್ಲ ಬಂದಿದ್ದವು. ಗುಂಡಿ ತೋಡುತ್ತಿದ್ದರು. ನನ್ನ ಚೀಲದಲ್ಲಿ ಐಸ್ ತುಂಬಿದ ಡಬ್ಬಿ, ಕತ್ತಿ, ಮತ್ತೊಂದು ದಪ್ಪ ಪ್ಲಾಸ್ಟಿಕ್ ಕೊಳವೆ ಇತ್ತು. ರೇಬೀಸ್ ಹೌದೋ ಅಲ್ಲವೋ ಎಂದು ಖಚಿತ ಹೇಳಲು ಮಿದುಳಿನ ಚೂರು ಬೇಕು. ತಲೆ ಒಡೆಯಬೇಕಿಲ್ಲ, ಕತ್ತಿನ ಹಿಂದೆ, ತಲೆಬುರುಡೆ ಮುಗಿಯುವಲ್ಲಿ ಕೊಯ್ದು, ಅಲ್ಲಿನ ತೂತಿನಿಂದ ಕೊಳವೆ ಚುಚ್ಚಿ ಎಳೆದರೆ ಸಾಕು. ಮೇಲಿನವರು ಮಾದರಿ ತರಲೇಬೇಕು, ಜನ ಅಡ್ಡ ಬಂದರೆ ಪೊಲೀಸರನ್ನು ಕರೆಸೋಣ ಎಂದಿದ್ದರು. ನನಗೂ ಅದೇ ಬೇಕಿತ್ತು. ಪ್ರಯೋಗಾಲಯದ ಉತ್ತರವನ್ನು ತಂದು ಕಿಲಾರಿಯ ಮುಂದಿಟ್ಟರೆ ಇನ್ನೇನು ಹೇಳುತ್ತಾನೆ ನೋಡೋಣ ಎಂಬ ಹಟ ಹುಟ್ಟಿತ್ತು.

ಯಜಮಾನರಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. "ನಮ್ಮಲ್ಲಿ ಸ್ವಾಮೀನ ಇಡಿಯಾಗಿ ಮಣ್ಣಿಗಿಡೋದು ಡಾಕ್ಟ್ರೆ. ಒಂದು ಕೂದ್ಲೂ ತೆಗೆಯಲ್ಲ. ನೀವು ಪೋಲೀಸ್ನೋರ್ನ ಕರೆಸಿದ್ರೆ ನಾವು ಮುದುಕ್ರು ಏನ್ ಮಾಡಾಕಾಗ್ತೈತೆ, ಸರಿದು ನಿಂತ್ಕಂತೀವಿ."

ಕಿಲಾರಿ ಎತ್ತಿನ ತಲೆಯ ಕಡೆ, ನಾಲ್ಕು ಹೆಜ್ಜೆ ಆಚೆ ಕೂತಿದ್ದ. ಅಷ್ಟು ದಿನ ಅತ್ತಿರಲಿಲ್ಲ, ಈಗಲೂ ಅಳುತ್ತಿರಲಿಲ್ಲ. ನನ್ನ ಚೀಲವನ್ನೇ ನೋಡುತ್ತಿದ್ದ.

ನಾನು ಜಾಲಿಮರದ ಕೆಳಗೆ ಹೋಗಿ ಕೂತೆ. ಕೊಯ್ದರೆ ಏನಾಗುತ್ತದೆ? ಉತ್ತರ ಬರುತ್ತದೆ. ಮುಟ್ಟಿದವರ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ. ರೋಗ ಇದೆ ಎಂದೇ ತಿಳಿದು ಎಲ್ಲರಿಗೂ ಸೂಜಿ ಕೊಡುತ್ತಿದ್ದೇವೆ. ಹಿಂಡಿಗೂ ಹಾಗೆಯೇ ಕೊಡಬೇಕು. ಉತ್ತರ ಬೇಕಾಗಿದ್ದದ್ದು ಇಲಾಖೆಗೆ, ಅದಕ್ಕಿಂತ ಹೆಚ್ಚು ನನಗೆ. ಕಿಲಾರಿಗೆ ಆ ಉತ್ತರ ಇನ್ನೊಂದು ಸಾವಷ್ಟೇ. ಅವನ ದೇವರ ಕತ್ತು ಕೊಯ್ದು ಬಂದ ಉತ್ತರವನ್ನು ಹಿಡಿದುಕೊಂಡು ಅವನ ತೋಳು ಕೇಳಲು ನನಗೆ ಯಾವ ಮುಖವಿರುತ್ತಿತ್ತು?

ಎದ್ದು ಹೋಗಿ ಚೀಲವನ್ನು ಬೈಕಿಗೆ ಸಿಕ್ಕಿಸಿ ಬಂದೆ. ಯಜಮಾನರಿಗೂ ಕಿಲಾರಿಗೂ ಕೇಳುವಂತೆ ಹೇಳಿದೆ. "ನಾನು ಮುಟ್ಟಲ್ಲ. ಯಾರೂ ಮುಟ್ಟಲ್ಲ. ಆದ್ರೆ ಗುಂಡಿ ಆಳ ಇರ್ಲಿ, ಉಪ್ಪಿನ ಜೊತೆ ಸುಣ್ಣಾನೂ ಹಾಕಿ, ಎತ್ತೋರು ಈ ಕೈಗವಸು ಹಾಕ್ಕಳ್ಳಿ. ಇದು ಇಂಥ ಕಾಯಿಲೆ ಅಂತ ನಾನು ಎಲ್ಲೂ ಖಚಿತ ಮಾಡಿ ಹೇಳಲ್ಲ, ಗೊತ್ತಾಗ್ಲಿಲ್ಲ ಅಂತೀನಿ. ಅಷ್ಟೇ."

ಕಿಲಾರಿಯ ಕಡೆ ತಿರುಗಿ ಸೂಜಿಯ ಮಾತೆತ್ತಲಿಲ್ಲ. ಎತ್ತುವ ಶಕ್ತಿ ಉಳಿದಿರಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಅವನೇ ಬೈಕಿನ ಬಳಿ ಬಂದ. ಬರಿಗಾಲಿನ ಹೆಬ್ಬೆರಳಿನಿಂದ ನೆಲ ಗೀರುತ್ತಾ ನಿಂತ.

"ನಾಯಿ ಬಂದಿತ್ತು ಸಾರ್. ಯುಗಾದಿ ಆದ ಮ್ಯಾಲೆ. ಜೊಲ್ಲು ಸುರಿಸ್ಕಂಡು ನೆಟ್ಟಗೆ ರೊಪ್ಪಕ್ಕೇ ನುಗ್ತು. ನಾನು ದೊಣ್ಣೇಲಿ ಹೊಡ್ದೆ. ಅಷ್ಟೊತ್ಗೆ ಸ್ವಾಮಿ ಹಿಂಗಾಲಿಗೆ ಬಾಯಿ ಹಾಕಿತ್ತು. ಅರಿಶಿನ ಹಚ್ಚಿದ್ದೆ. ಯಾರಿಗೂ ಹೇಳ್ಳಿಲ್ಲ. ದೇವ್ರಿಗೆ ನಾಯಿ ಕಚ್ತು ಅಂತ ಹೆಂಗೆ ಹೇಳ್ಲಿ?"

"ಎಡಗಾಲಾ?"

"ಎಡಗಾಲು."

ಗೊರಸು ಮಡಚಿಕೊಳ್ಳುತ್ತಿದ್ದ ಕಾಲು ಅದೇ. ಕೊಳವೆ ಹೇಳಬೇಕಾದದ್ದನ್ನು ಅವನೇ ಹೇಳಿದ್ದ. ನಾನು ಗೆದ್ದೆ ಎನ್ನಿಸಲಿಲ್ಲ. ಅವನು ಬೈಕಿನ ಹಿಂದೆ ಹತ್ತಿ ಕೂತ. ಜಿಲ್ಲಾ ಆಸ್ಪತ್ರೆಯವರೆಗೂ ಬರಿಗಾಲಲ್ಲಿ, ಕಂಬಳಿ ಹೊದ್ದು ಬಂದ. ಗಾಯದ ಸುತ್ತ ಸೀರಂ ಚುಚ್ಚುವುದು ಬಹಳ ನೋವಿನ ಕೆಲಸ. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಅವನ ಜೊತೆ ನಾನೂ ತೋಳು ಕೊಟ್ಟು ಬೂಸ್ಟರ್ ಹಾಕಿಸಿಕೊಂಡೆ. "ನಿಮ್ಗೂನಾ?" ಎಂದ. "ನಂಗೂ" ಎಂದೆ. ಸ್ವಲ್ಪ ನಕ್ಕ.

ತಡವಾಗಿತ್ತು. ಗೀರು ಬಿದ್ದು ಅಷ್ಟು ದಿನದ ಮೇಲೆ ಸೂಜಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಯಾರೂ ಆಣೆ ಹಾಕಿ ಹೇಳಲಾರರು. ಅವನಿಗೆ ಅದನ್ನು ಹೇಳಲಿಲ್ಲ. ಅವನಿಗೆ ತಲೆನೋವು ಎಂದರೆ ನನಗೆ ನಿದ್ದೆಯಿಲ್ಲ. ಒಂದು ದಿನ ಕೈ ಜುಮ್ಮೆನ್ನುತ್ತದೆ ಎಂದ. ಊಟ ಬಿಟ್ಟು ಓಡಿದೆ. ಮುಳ್ಳು ಚುಚ್ಚಿತ್ತು. ಅವನ ಮುಂದೆ ನೀರಿನ ಲೋಟ ಹಿಡಿದು, ಕುಡಿಯುವುದನ್ನು ಕಳ್ಳಗಣ್ಣಿನಿಂದ ನೋಡುತ್ತಿದ್ದೆ.

ಹಿಂಡಿಗೆ ನಾವೇ ಲಸಿಕೆ ಹಾಕಿದೆವು. ಯಜಮಾನರು ಬೇಲಿಯ ಹೊರಗೆ ಬೆನ್ನು ತಿರುಗಿಸಿ ನಿಂತು ಅದಕ್ಕೆ ಒಪ್ಪಿಗೆ ಕೊಟ್ಟರು. ಆ ನಾಯಿ ಇನ್ನೂ ಯಾವುದಕ್ಕೆ ಬಾಯಿ ಹಾಕಿತ್ತೋ ಗೊತ್ತಿಲ್ಲ, ಹಾಗಾಗಿ ಹಿಂಡಿನ ಮೇಲೆ ತಿಂಗಳುಗಟ್ಟಲೆ ಕಣ್ಣಿಡಬೇಕಿತ್ತು. ದಿನವೂ ನಾನು ಹೋಗಲಾಗುವುದಿಲ್ಲ. ಕಿಲಾರಿಗೆ ಹೇಳಿಕೊಟ್ಟೆ. ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದು ಎತ್ತನ್ನೂ ತೋರಿಸಿದೆ.

"ಮೊದ್ಲು ಬಾಯಿ ನೋಡು. ಜೊಲ್ಲು ಎಳೆಯಾಗಿ ಬೀಳ್ತೈತಾ, ದವಡೆ ಜೋತೈತಾ. ಆಮೇಲೆ ನುಂಗೋದು ನೋಡು. ಆಮೇಲೆ ದನಿ ಕೇಳು, ಒಡಕೈತಾ, ಕೊನೇಲಿ ಕಡಿದು ಹೋಗ್ತೈತಾ. ಆಮೇಲೆ ಬಾಲ, ಹಿಂಗಾಲು. ಬೆಳಿಗ್ಗೆ ಬೇಲಿ ತೆಗೆದ ತಕ್ಷಣ, ಪೂಜೆಗೂ ಮೊದ್ಲು ಇದನ್ನ ಮಾಡು. ಏನು ಕಂಡ್ರೂ ಕೈ ಹಾಕಬ್ಯಾಡ, ಫೋನ್ ಮಾಡು."

ಅವನು ಒಳ್ಳೆಯ ವಿದ್ಯಾರ್ಥಿ. ದಿನವೂ ಬೆಳಿಗ್ಗೆ ಫೋನು ಬರುತ್ತಿತ್ತು. "ಬಾಯಿ ಸರಿ ಐತೆ ಸಾರ್. ನುಂಗ್ತವೆ. ದನಿ ಸರಿ ಐತೆ. ಕಾಲು ಸರಿ ಐತೆ." ಮಳೆ ಬಿದ್ದು ಗುಡ್ಡದಲ್ಲಿ ಹುಲ್ಲು ಚಿಗುರಿತು, ಹುಲ್ಲು ಬಲಿತು ಒಣಗಿತು, ಫೋನು ತಪ್ಪಲಿಲ್ಲ. ಚಹಾ ಕುಡಿಯುತ್ತಾ ಆ ನಾಲ್ಕು ಮಾತು ಕೇಳಿದರೆ ನನ್ನ ದಿನ ಶುರು. ಎತ್ತುಗಳಿಗಿಂತ ಹೆಚ್ಚಾಗಿ ನಾನು ಕೇಳುತ್ತಿದ್ದದ್ದು ಅವನ ದನಿಯನ್ನು, ಅದು ಒಡೆದಿಲ್ಲವಲ್ಲ ಎಂದು.

ಮೊದಲು ದಿನ ಎಣಿಸಿದೆವು, ಆಮೇಲೆ ತಿಂಗಳು, ಆಮೇಲೆ ಎಣಿಸುವುದು ಬಿಟ್ಟೆವು. ಯಾರಿಗೂ ಏನೂ ಆಗಲಿಲ್ಲ. ಮುದುಕಿಗೂ, ನೇಯುವ ಹೆಂಗಸಿಗೂ, ಕಿಲಾರಿಗೂ. ಹಿಂಡಿನಲ್ಲಿ ಇನ್ನೊಂದು ಎತ್ತಿಗೂ ಬರಲಿಲ್ಲ. ಹೊಸ ಪಟ್ಟದ ಎತ್ತನ್ನು ಆರಿಸಿದರು, ಕಂದು ಕಣ್ಣಿನ ಎಳೆಯ ಹೋರಿ. ಮುಂದಿನ ಯುಗಾದಿಯ ಹೊತ್ತಿಗೆ ನಾನು ರೊಪ್ಪಕ್ಕೆ ಹೋದೆ, ಕೈಯಲ್ಲಿ ಬೆಲ್ಲ ಹಿಡಿದು. ಅಷ್ಟು ನಿರಾಳವಾಗಿ ಆ ದಾರಿಯಲ್ಲಿ ಹೋಗಿದ್ದು ವರ್ಷದಲ್ಲಿ ಅದೇ ಮೊದಲು.

"ಅಣ್ಣಾ, ಇನ್ನು ಸಾಕು. ಗಂಡಾಂತರ ಕಳೀತು. ಇನ್ನು ದಿನಾ ಬಾಯಿ ನೋಡೋದು ಬ್ಯಾಡ, ಫೋನೂ ಬ್ಯಾಡ. ಮೊದ್ಲಿನ ಹಂಗೆ ಇರು."

ಅವನು ಬೆಲ್ಲ ತೆಗೆದುಕೊಳ್ಳಲಿಲ್ಲ. ಬೇಲಿಯ ಗೂಟ ಹಿಡಿದು ನಿಂತಿದ್ದ.

"ಹೆಂಗೆ ನಿಲ್ಸೋದು ಸಾರ್?"

ನನಗೆ ತಕ್ಷಣ ತಿಳಿಯಲಿಲ್ಲ.

"ಮೊದ್ಲು ಬೇಲಿ ತೆಗೆದ್ರೆ ಸ್ವಾಮಿ ಕಾಣ್ತಿತ್ತು. ಒಂದೊಂದು ಎತ್ನಾಗೂ. ಕೈ ತಾನೇ ಮ್ಯಾಲೆ ಹೋಗ್ತಿತ್ತು. ಈಗ ಬೇಲಿ ತೆಗೆದ್ರೆ ಬಾಯಿ ಕಾಣ್ತವೆ. ಜೊಲ್ಲು, ದವಡೆ, ಕಾಲು. ಕಣ್ಣು ಮುಚ್ಚಿ ಕೈ ಮುಗೀತೀನಿ. ಬಿಟ್ರೆ ಮತ್ತೆ ದನ. ನೀವು ಜೀವ ಉಳಿಸಿದ್ರಿ, ಅದ್ನ ಇಲ್ಲ ಅನ್ನಲ್ಲ. ತಮ್ಮಂಗೆ ಹೇಳೀನಿ, ಬರೋ ಅಮಾಸೆಯಿಂದ ಹಿಂಡು ಅವನು ನೋಡ್ಕಂತಾನೆ. ಅವನಿಗೆ ಇನ್ನೂ ಕಾಣ್ತೈತೆ. ನೀವು ಅವನಿಗೆ ಏನೂ ಹೇಳಿಕೊಡಬ್ಯಾಡ್ರಿ."

ಇನ್ನೊಮ್ಮೆ ಅದೇ ಬೆಳಿಗ್ಗೆ ಬಂದರೆ ಅವನಿಗೆ ಅದನ್ನೇ ಹೇಳಿಕೊಡುತ್ತೇನೆ, ಅಷ್ಟೇ ಗಟ್ಟಿಯಾಗಿ. ಬೇರೆ ದಾರಿ ನನಗೆ ಗೊತ್ತಿಲ್ಲ. ಅವ್ವನ ಸೊಂಟದ ಮೇಲೆ ಕೂತು ನಾನು ಕಂಡದ್ದೂ ಎತ್ತನ್ನಲ್ಲ, ಸ್ವಾಮಿಯನ್ನೇ. ಕಾಲೇಜಿನ ಮೇಜಿನ ಮೇಲೆ ಮೊದಲ ದನವನ್ನು ಬಿಡಿಸಿ ಇಟ್ಟ ಮೇಲೆ ಯಾವಾಗಲೋ ಅದು ಹೋಯಿತು. ಹೋದದ್ದು ಗೊತ್ತೂ ಆಗಲಿಲ್ಲ, ಪರೀಕ್ಷೆ ಪಾಸಾದ ಖುಷಿಯಲ್ಲಿದ್ದೆ. ಇವನಿಗೆ ಗೊತ್ತಾಗಿದೆ. ಐವತ್ತು ದಾಟಿದ ಮೇಲೆ, ಎಚ್ಚರವಿದ್ದಾಗಲೇ, ದಿನವೂ ಬೆಳಿಗ್ಗೆ ಬೇಲಿ ತೆಗೆದು ಅದು ಇಲ್ಲದ್ದನ್ನು ನೋಡಿದ್ದಾನೆ. ಅವನ ಮುಂದೆ ನಿಲ್ಲಲು ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಅವನು ಬದುಕಿದ್ದಾನಲ್ಲ ಎಂಬ ಸಮಾಧಾನ ಆ ಹೊತ್ತಿಗೆ ಸಾಲಲಿಲ್ಲ.

ಒಳಗೆ ಹೊಸ ಪಟ್ಟದ ಹೋರಿ ತಲೆಯೆತ್ತಿ ಪೂರ್ವಕ್ಕೆ ತಿರುಗಿ ಕೂಗಿತು. ಆಚೆ ಅವನ ತಮ್ಮ ಎರಡೂ ಕೈ ಎತ್ತಿ ಮುಗಿದ. ಈಚೆ ನಾವಿಬ್ಬರೂ ಒಟ್ಟಿಗೆ ಅದರ ಬಾಯಿ ನೋಡಿದೆವು.

"ದನಿ ಸರಿ ಐತೆ" ಎಂದ ಕಿಲಾರಿ.